ಭಾರದ ಗಾಡಿ, ಕಾರುಗಳ ರಸ್ತೆ: ಮೈಸೂರು ಸೀಮೆಯ ಮೋಟಾರ್‌ಸೈಕಲ್ ಸವಾರಿಯ ಇತಿಹಾಸ

ಭಾರತದ 1988ರ ಮೋಟಾರು ವಾಹನಗಳ ಕಾಯ್ದೆಯು ಮೋಟಾರ್‌ಸೈಕಲ್ ಪರವಾನಗಿಯನ್ನು ಗೇರಿಲ್ಲದ್ದು, ಗೇರಿರುವುದು ಎಂಬ ಎರಡೇ ವರ್ಗಗಳಾಗಿ ವಿಂಗಡಿಸುತ್ತದೆ. ನೂರು ಕಿಲೋಗ್ರಾಂ ಆಸುಪಾಸಿನ ಹಗುರ ಗಾಡಿಯ ಮೇಲೆ ಪರೀಕ್ಷೆ ಕೊಟ್ಟು ಪರವಾನಗಿ ಪಡೆದವನು ಮರುದಿನವೇ ಅದರ ಎರಡರಷ್ಟು ಭಾರದ ಗಾಡಿಯನ್ನು ಹೆದ್ದಾರಿಗೆ ಇಳಿಸಬಹುದು. ಬ್ರಿಟನ್ನಿನಲ್ಲಿ 1961ರಿಂದಲೇ ಕಲಿಯುವ ಸವಾರರಿಗೆ 250 ಸಿಸಿಯ ಮಿತಿಯಿತ್ತು. ಸಿಸಿ ಎಂದರೆ ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಚಲಿಸುವ ಜಾಗದ ಘನ ಅಳತೆ. ಜಪಾನು 1975ರಲ್ಲಿ 400 ಸಿಸಿಯ ಮೇಲಿನ ಗಾಡಿಗಳಿಗೆ ಬೇರೆಯೇ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಇಂಥ ಮೆಟ್ಟಿಲುಗಳಿಲ್ಲದ ನಾಡಿನಲ್ಲಿ ಭಾರದ ಗಾಡಿಗೆ ಒಗ್ಗಿಕೊಳ್ಳುವ ವಿದ್ಯೆಯು ಪಠ್ಯವಿಲ್ಲದೆ, ಗುರುವಿನ ಹೆಸರಿಲ್ಲದೆ, ಗ್ಯಾರೇಜುಗಳ ಅಂಗಳದಲ್ಲಿ ಬೆಳೆದು ಬಂದಿತು. ಹಳೆಯ ಮೈಸೂರು ಸೀಮೆಯು ಈ ವಿದ್ಯೆಯ ಇತಿಹಾಸವನ್ನು ಗುರುತಿಸಲು ತಕ್ಕ ನೆಲ, ಏಕೆಂದರೆ ದೇಶದ ಮೂರು ಮುಖ್ಯ ಮೋಟಾರ್‌ಸೈಕಲ್ ಕಾರ್ಖಾನೆಗಳಲ್ಲಿ ಒಂದು ಇಲ್ಲಿಯೇ ಇತ್ತು, ಇನ್ನೊಂದು ನೆರೆಯ ಮದರಾಸಿನಲ್ಲಿತ್ತು.

ಇಂಗ್ಲೆಂಡಿನ ರೆಡ್ಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಸಂಸ್ಥೆಯು ಮದ್ರಾಸ್ ಮೋಟಾರ್ಸ್ ಜೊತೆಗೂಡಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾವನ್ನು ಸ್ಥಾಪಿಸಿತು. ಸೈನ್ಯವು ಗಡಿಕಾವಲಿಗೆಂದು ಆರಿಸಿಕೊಂಡಿದ್ದ 350 ಸಿಸಿಯ ಬುಲೆಟ್ ಅಲ್ಲಿ ತಯಾರಾಗತೊಡಗಿತು. 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ಚೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ಕಟ್ಟತೊಡಗಿತು, ಮುಂದಿನ ದಶಕದಲ್ಲಿ ಅವು ಯೆಜ್ಡಿ ಎಂಬ ಹೆಸರು ಪಡೆದವು. ಮೂರನೆಯದು ಉತ್ತರದ ಎಸ್ಕಾರ್ಟ್ಸ್ ಸಂಸ್ಥೆಯ ರಾಜದೂತ್. ಹಾಲಿನ ಕ್ಯಾನು ಹೊರುವ ಹಳ್ಳಿಯ ದಾರಿಗಳಲ್ಲಿ ಅದಕ್ಕೆ ದೊಡ್ಡ ಹೆಸರಿದ್ದರೂ, ಭಾರದ ವಿಚಾರದಲ್ಲಿ ಮಾತು ಸುತ್ತುವುದು ಹೆಚ್ಚಾಗಿ ಬುಲೆಟ್ ಮತ್ತು ಯೆಜ್ಡಿಗಳ ಸುತ್ತಲೇ.

ಸೈಕಲ್ಲಿನಿಂದಲೋ ಸ್ಕೂಟರಿನಿಂದಲೋ ಈ ಗಾಡಿಗಳಿಗೆ ಬಂದ ಸವಾರನಿಗೆ ಮೊದಲು ಎದುರಾಗುತ್ತಿದ್ದುದು ತೂಕವಲ್ಲ, ಕೈಕಾಲುಗಳ ಗೊಂದಲ. ಅಂದಿನ ಸ್ಕೂಟರಿನಲ್ಲಿ ಗೇರು ಎಡಗೈಯ ಹಿಡಿಯಲ್ಲಿತ್ತು. ಯೆಜ್ಡಿಯಲ್ಲಿ ಅದು ಎಡಗಾಲಿಗೆ ಬಂದಿತ್ತು. ಬುಲೆಟ್ಟಿನಲ್ಲಿ ಗೇರು ಬಲಗಾಲಿಗೂ ಬ್ರೇಕು ಎಡಗಾಲಿಗೂ ಇದ್ದವು. ಯೆಜ್ಡಿಯ ಅಭ್ಯಾಸವಿದ್ದವನು ಬುಲೆಟ್ ಏರಿ, ಎದುರಿಗೆ ದನ ಅಡ್ಡ ಬಂದಾಗ ಬಲಗಾಲನ್ನು ಒತ್ತಿದರೆ ಗಾಡಿ ನಿಲ್ಲುತ್ತಿರಲಿಲ್ಲ, ಗೇರು ಬದಲಾಗುತ್ತಿತ್ತು. ಯೆಜ್ಡಿಯದೇ ಇನ್ನೊಂದು ವಿಶೇಷವೆಂದರೆ ಅದರ ಕಿಕ್ಕರ್ ಮತ್ತು ಗೇರು ಒಂದೇ ಸನ್ನೆಯಾಗಿದ್ದುದು: ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಎಂಜಿನ್ ಶುರುವಾದ ಮೇಲೆ ಮತ್ತೆ ಮುಂದಕ್ಕೆ ತಂದರೆ ಗೇರು. ಬುಲೆಟ್ಟನ್ನು ಶುರು ಮಾಡುವುದಂತೂ ಒಂದು ಕ್ರಮಬದ್ಧ ವಿಧಿಯಾಗಿತ್ತು. ಕಿಕ್ಕರನ್ನು ಮೆಲ್ಲಗೆ ಒತ್ತುತ್ತ ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬರುವುದನ್ನು ನೋಡಬೇಕು, ಸಿಲಿಂಡರಿನ ಒತ್ತಡವನ್ನು ಕ್ಷಣಕಾಲ ಹೊರಬಿಡುವ ಡಿಕಂಪ್ರೆಸರ್ ಎಂಬ ಸಣ್ಣ ಸನ್ನೆಯನ್ನು ಹಿಡಿದು ಪಿಸ್ಟನ್ನನ್ನು ತುಸು ಮುಂದೆ ಸರಿಸಬೇಕು, ಆಮೇಲಷ್ಟೇ ಮೈಭಾರ ಬಿಟ್ಟು ಒದೆಯಬೇಕು. ಈ ಕ್ರಮ ತಪ್ಪಿದರೆ ಕಿಕ್ಕರ್ ತಿರುಗಿ ಹೊಡೆದು ಪಾದದ ಗಂಟಿಗೆ ಪೆಟ್ಟಾಗುತ್ತಿತ್ತು.

ತೂಕದ ಪಾಠ ಇದಾದ ಮೇಲೆ ಶುರುವಾಗುತ್ತಿತ್ತು. ಯೆಜ್ಡಿಯ ಭಾರ ಸುಮಾರು 140 ಕಿಲೋಗ್ರಾಂ, ಬುಲೆಟ್ಟಿನದು 160ಕ್ಕೂ ಮೇಲೆ. ಚಲಿಸುವಾಗ ಈ ಭಾರವು ಸವಾರನಿಗೆ ಅಷ್ಟಾಗಿ ತಿಳಿಯುವುದಿಲ್ಲ, ಏಕೆಂದರೆ ವೇಗದಲ್ಲಿ ಗಾಡಿ ತನ್ನ ಸಮತೋಲವನ್ನು ಬಹುಮಟ್ಟಿಗೆ ತಾನೇ ಕಾಯ್ದುಕೊಳ್ಳುತ್ತದೆ. ನಿಂತಾಗ, ಆಮೆನಡಿಗೆಯಲ್ಲಿ ಸಾಗುವಾಗ, ಇಳಿಜಾರಿನಲ್ಲಿ ತಿರುಗಿಸುವಾಗಲೇ ಅದು ತನ್ನ ಇರವನ್ನು ತೋರಿಸುತ್ತದೆ. ಹಗುರ ಗಾಡಿ ವಾಲಿದರೆ ತೋಳಿನ ಬಲದಿಂದ ಎತ್ತಿ ಹಿಡಿಯಬಹುದು, ಭಾರದ ಗಾಡಿ ಒಂದು ಕೋನವನ್ನು ದಾಟಿ ವಾಲಿತೆಂದರೆ ಅದನ್ನು ತಡೆಯುವ ತೋಳು ಅಪರೂಪ. ಆದಕಾರಣ ಗ್ಯಾರೇಜಿನ ಮೇಸ್ತ್ರಿಗಳು ಹೊಸ ಸವಾರನಿಗೆ ಮೊದಲು ಹೇಳಿಕೊಡುತ್ತಿದ್ದುದು ಡಬಲ್ ಸ್ಟ್ಯಾಂಡ್ ಹಾಕುವುದನ್ನು: ಗಾಡಿಯನ್ನು ಕೈಯಿಂದ ಎತ್ತಲು ಹೋಗದೆ, ಸ್ಟ್ಯಾಂಡಿನ ತುದಿಯ ಮೇಲೆ ಪಾದವಿಟ್ಟು ಇಡೀ ಮೈಭಾರವನ್ನು ಅದರ ಮೇಲೆ ಬಿಟ್ಟರೆ ಗಾಡಿ ತಾನಾಗಿ ಹಿಂದಕ್ಕೆ ಏರಿ ನಿಲ್ಲುತ್ತದೆ. ಎರಡನೆಯ ಪಾಠ ಹಾಫ್ ಕ್ಲಚ್ಚಿನದು. ಎಂಜಿನ್ನಿನ ಬಲವು ಚಕ್ರಕ್ಕೆ ಪೂರ್ತಿ ತಲುಪದಂತೆ ಕ್ಲಚ್ಚನ್ನು ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿ, ಕಣ್ಣನ್ನು ಮುಂದಿನ ಚಕ್ರದ ಬುಡದಲ್ಲಿಡದೆ ಹೋಗಬೇಕಾದ ಕಡೆಗೆ ಹೊರಳಿಸಿದರೆ ಎಂಥ ಭಾರದ ಗಾಡಿಯೂ ಕಿರಿದಾದ ಗಲ್ಲಿಯಲ್ಲಿ ತಿರುಗುತ್ತದೆ.

ಈ ಬಾಯಿಪಾಠದ ಪರಂಪರೆಯಲ್ಲಿ ದೊಡ್ಡ ದೋಷವೊಂದೂ ಇತ್ತು, ಅದನ್ನು ಮುಚ್ಚಿಡುವುದು ಸಲ್ಲದು. ಮುಂದಿನ ಬ್ರೇಕ್ ಹಿಡಿದರೆ ಬೀಳುತ್ತೀಯ ಎಂಬ ಎಚ್ಚರಿಕೆಯು ಸೈಕಲ್ಲಿನ ಕಾಲದಿಂದ ಬಂದು ತಲೆಮಾರುಗಳ ಮನಸ್ಸಿನಲ್ಲಿ ನೆಲೆಯೂರಿತು. ವಾಸ್ತವವಾಗಿ ಬ್ರೇಕ್ ಬಿದ್ದೊಡನೆ ಗಾಡಿಯ ಮತ್ತು ಸವಾರನ ಭಾರ ಮುಂದಿನ ಚಕ್ರದ ಮೇಲೆ ವಾಲುವುದರಿಂದ ನಿಲ್ಲಿಸುವ ಶಕ್ತಿಯ ಬಹುಪಾಲು ಅಲ್ಲಿಯೇ ದೊರೆಯುತ್ತದೆ. ಮಣ್ಣು, ಮರಳು ಹರಡಿದ ರಸ್ತೆಗಳಲ್ಲಿ, ಅಂದಿನ ದುರ್ಬಲ ಡ್ರಮ್ ಬ್ರೇಕುಗಳೊಂದಿಗೆ ಆ ಎಚ್ಚರಿಕೆಗೆ ಸ್ವಲ್ಪ ಆಧಾರವಿದ್ದಿರಬಹುದಾದರೂ, ಡಾಂಬರು ರಸ್ತೆಯ ವೇಗದಲ್ಲಿ ಭಾರದ ಗಾಡಿಯನ್ನು ಹಿಂದಿನ ಬ್ರೇಕಿನಿಂದಲೇ ನಿಲ್ಲಿಸಲು ಹೋಗುವುದು ಅಪಾಯವನ್ನು ಕರೆದು ತಂದುಕೊಂಡಂತೆ. ಯೆಜ್ಡಿಯಂಥ ಎರಡು ಸ್ಟ್ರೋಕಿನ ಎಂಜಿನ್ನು, ಅಂದರೆ ಪಿಸ್ಟನ್ನಿನ ಪ್ರತಿಯೊಂದು ಏರಿಳಿತದ ಜೋಡಿಗೂ ಒಮ್ಮೆ ಇಂಧನ ಉರಿಸುವ ಎಂಜಿನ್ನು, ಆಕ್ಸಿಲರೇಟರ್ ಬಿಟ್ಟಾಗ ಗಾಡಿಯನ್ನು ಅಷ್ಟಾಗಿ ಹಿಡಿದೆಳೆಯುವುದಿಲ್ಲ. ನಾಲ್ಕು ಸ್ಟ್ರೋಕಿನ ಬುಲೆಟ್ಟು ಹೆಚ್ಚು ಹಿಡಿದೆಳೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದವನು ನಿಲ್ಲುವ ದೂರದ ಲೆಕ್ಕವನ್ನು ಹೊಸದಾಗಿ ಕಲಿಯಬೇಕಾಗುತ್ತಿತ್ತು.

ಇಷ್ಟೆಲ್ಲ ನ್ಯೂನತೆಗಳ ನಡುವೆಯೂ ಆ ಕಾಲದ ಸವಾರನಿಗೆ ಒಂದು ಅನುಕೂಲವಿತ್ತು: ರಸ್ತೆಯಲ್ಲಿ ಕಾರುಗಳು ವಿರಳವಾಗಿದ್ದವು. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳನ್ನು ಹಣ ಕಟ್ಟಿ ವರ್ಷಗಟ್ಟಲೆ ಕಾಯ್ದು ಪಡೆಯಬೇಕಾಗಿತ್ತು, ಪಿಕಪ್ಪಿನಲ್ಲಿ ಅವು ಮೋಟಾರ್‌ಸೈಕಲ್ಲಿಗೆ ಸಾಟಿಯಾಗಿರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಈ ಸಂಬಂಧ ಬದಲಾಗತೊಡಗಿತು. ಮಧ್ಯಮ ವರ್ಗದ ಮನೆಯಂಗಳಕ್ಕೆ ಬಂದ ಈ ಪುಟ್ಟ ಕಾರು ಚುರುಕಾಗಿತ್ತು, ಸಂಖ್ಯೆಯಲ್ಲಿ ಹೆಚ್ಚುತ್ತ ಹೋಯಿತು, ಅದರ ಚಾಲಕರಲ್ಲಿ ಎಷ್ಟೋ ಮಂದಿ ಮೊದಲ ಸಲ ಸ್ಟೀರಿಂಗ್ ಹಿಡಿದವರು. ಅದೇ ದಶಕದ ನಡುವಿನಲ್ಲಿ ಜಪಾನೀ ಸಹಯೋಗದ 100 ಸಿಸಿ ಗಾಡಿಗಳು, ಅಂದರೆ ಇಂಡ್-ಸುಜುಕಿ, ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100, ಮಾರುಕಟ್ಟೆಗೆ ಬಂದು ಸವಾರಿಯನ್ನು ಹಗುರಗೊಳಿಸಿದವು. ಅವುಗಳ ಮೈಲೇಜಿನ ಮುಂದೆ ಯೆಜ್ಡಿ ನಿಲ್ಲಲಾರದಾಯಿತು, 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಮುಚ್ಚಿತು. ಅದರೊಂದಿಗೆ ಭಾರದ ಗಾಡಿಯ ಪಾಠ ಹೇಳುತ್ತಿದ್ದ ಒಂದು ಇಡೀ ಪರಂಪರೆಯೂ ತೆಳುವಾಯಿತು. ಈ ನಷ್ಟದ ಬೆಲೆ ತಿಳಿದದ್ದು ಭಾರದ ಗಾಡಿಗಳು ಮತ್ತೆ ಬಂದಾಗ.

ಇನ್ನು ಹೀಗೆ ಹೆಚ್ಚುತ್ತ ಹೋದ ಕಾರುಗಳ ಮಾತು. ಕಾರು ಚಾಲಕನೊಂದಿಗೆ ರಸ್ತೆ ಹಂಚಿಕೊಳ್ಳುವುದರ ಕುರಿತು ಗಟ್ಟಿ ಅಧ್ಯಯನವೊಂದು ಬಂದದ್ದು ಅಮೆರಿಕೆಯಿಂದ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ವರದಿ ಪ್ರಕಟಿಸಿದರು. ಬೇರೆ ವಾಹನದೊಂದಿಗೆ ಡಿಕ್ಕಿಯಾದ ಪ್ರಸಂಗಗಳಲ್ಲಿ ಮೂರನೆಯ ಎರಡು ಪಾಲಿನಷ್ಟರಲ್ಲಿ ಆ ಇನ್ನೊಂದು ವಾಹನವೇ ಮೋಟಾರ್‌ಸೈಕಲ್ಲಿನ ದಾರಿಯ ಹಕ್ಕನ್ನು ಮೀರಿ ಅಡ್ಡ ಬಂದಿತ್ತು. ಎದುರಿನಿಂದ ಬಂದ ಕಾರು ಸವಾರನ ಮುಂದೆಯೇ ಅಡ್ಡ ತಿರುಗಿದ್ದು ಅದರ ಸಾಮಾನ್ಯ ರೂಪ. ಎಡಬದಿಯ ಸಂಚಾರವಿರುವ ಭಾರತದಲ್ಲಿ ಇದು ಬಲತಿರುವಿನ ಮತ್ತು ರಸ್ತೆ ವಿಭಜಕದ ಯು-ಟರ್ನಿನ ಅಪಾಯವಾಗುತ್ತದೆ. ಇದರಲ್ಲಿ ಕಾರು ಚಾಲಕನ ದುರುದ್ದೇಶಕ್ಕಿಂತ ಕಣ್ಣಿನ ಮಿತಿಯ ಪಾತ್ರ ದೊಡ್ಡದು: ಚಿಕ್ಕ ಗಾತ್ರದ ವಸ್ತು ಎದುರಿಗೆ ಬರುವಾಗ ಅದು ಇನ್ನೂ ದೂರದಲ್ಲಿದೆ, ನಿಧಾನವಾಗಿದೆ ಎಂದೇ ತೋರುತ್ತದೆ, ಮುಂಗಾಜಿನ ಅಂಚಿನ ಕಂಬದ ಹಿಂದೆ ಒಂದು ಇಡೀ ಮೋಟಾರ್‌ಸೈಕಲ್ ಮರೆಯಾಗಬಲ್ಲದು. ಗಾಡಿ ಭಾರವಾಗಿದ್ದರೆ ಕೊನೆಯ ಗಳಿಗೆಯಲ್ಲಿ ಅದನ್ನು ಪಕ್ಕಕ್ಕೆ ಹೊರಳಿಸುವುದು ಕಷ್ಟವಾದ್ದರಿಂದ, ಕಟ್ ಹೊಡೆದು ಪಾರಾಗುವ ಹಗುರ ಗಾಡಿಯ ಚಾಳಿಯನ್ನು ಬಿಟ್ಟು ಅಂತರ ಕಾಯುವ ಶಿಸ್ತನ್ನು ರೂಢಿಸಿಕೊಳ್ಳುವುದೇ ಒಗ್ಗಿಕೊಳ್ಳುವಿಕೆಯ ನಿಜವಾದ ತಿರುಳು.

ಭಾರತದ ನಿಯಮಗಳು ಸವಾರನನ್ನು ಬಿಟ್ಟು ಯಂತ್ರವನ್ನು ತಿದ್ದುವ ದಾರಿ ಹಿಡಿದವು. 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪವು ಎಂಜಿನ್ನಿನೊಂದಿಗೆ ತಾನಾಗಿ ಉರಿಯಬೇಕೆಂದಾಯಿತು. ಎದುರಿನ ಚಾಲಕನ ಕಣ್ಣಿಗೆ ಹಗಲಿನಲ್ಲೂ ಬೀಳುವಂತೆ ಮಾಡುವುದು ಇದರ ಉದ್ದೇಶ. 2019ರ ಏಪ್ರಿಲಿನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆ, ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಸ್ತಬ್ಧವಾಗಿ ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಕಡ್ಡಾಯವಾಯಿತು, ಮುಂದಿನ ಬ್ರೇಕಿನ ಹಳೆಯ ಭಯಕ್ಕೆ ಆಧಾರ ತಪ್ಪಿತು. ಎರಡೂ ಒಳ್ಳೆಯ ಕ್ರಮಗಳೇ. ಆದರೆ ರಾಯಲ್ ಎನ್‌ಫೀಲ್ಡಿನ 195 ಕಿಲೋಗ್ರಾಂ ತೂಗುವ ಕ್ಲಾಸಿಕ್ 350 ಮತ್ತು 2018ರಲ್ಲಿ ಬಂದ, 200 ಕಿಲೋಗ್ರಾಂ ಮೀರಿದ 650 ಸಿಸಿ ಗಾಡಿಗಳನ್ನು ಹತ್ತುವ ಯುವಕನಿಗೆ ಹಾಫ್ ಕ್ಲಚ್ಚನ್ನಾಗಲಿ ನಿಲ್ಲುವ ದೂರವನ್ನಾಗಲಿ ಅವು ಕಲಿಸಲಾರವು.

ಮೈಸೂರಿನ ಯೆಜ್ಡಿಗಳು ಓಡಾಡಿದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಈಗ ಈ ಹಂಚಿಕೆಗೆ ಬೇರೊಂದು ರೂಪ ಬಂದಿದೆ. 2023ರ ಆಗಸ್ಟ್ 1ರಿಂದ ಅದರ ಪ್ರವೇಶ ನಿಯಂತ್ರಿತ ಮುಖ್ಯ ಪಥದಲ್ಲಿ ಆಟೋ, ಟ್ರಾಕ್ಟರುಗಳೊಂದಿಗೆ ಎಲ್ಲ ಮೋಟಾರ್‌ಸೈಕಲ್ಲುಗಳಿಗೂ ನಿಷೇಧ ಜಾರಿಯಾಯಿತು. 650 ಸಿಸಿಯ ಸವಾರನೂ ಮೊಪೆಡ್ಡಿನ ಸವಾರನೂ ಈಗ ಪಕ್ಕದ ಸೇವಾ ರಸ್ತೆಯಲ್ಲಿ, ಊರೂರಿಗೆ ಹೊರಳುವ ವಾಹನಗಳು ಮತ್ತು ಸುಂಕ ಕೊಡಲೊಲ್ಲದ ಕಾರುಗಳ ನಡುವೆಯೇ ಸಾಗಬೇಕಾಗಿದೆ.