ತೆರಿಗೆ ಸೊನ್ನೆ, ದಂಡ 25,000 ಡಾಲರ್: ಒಂದು ಫಾರ್ಮಿನ ಇತಿಹಾಸ

ಈ ಸಲ ದೇವಳಾಲಿ ಕ್ಯಾಂಪ್‌ನಿಂದ ಮಾತಾಡ್ತಿದೀನಿ. ಮನೆಯಿಂದಲೇ ಕೆಲಸ ಶುರುವಾದಾಗ ಪುಣೆ ಬಿಟ್ಟು ಇಲ್ಲಿಗೆ ಬಂದವನು, ಇಲ್ಲೇ ಉಳಿದುಬಿಟ್ಟೆ. ನಡುವೆ ಢಂ ಅಂತ ಸದ್ದು ಕೇಳಿಸಿದ್ರೆ ಗಾಬರಿ ಬೇಡ, ಇಲ್ಲಿನ ಫಿರಂಗಿ ಶಾಲೆಯ ಅಭ್ಯಾಸ ಅದು.

ವಿಷಯ ಒಣ ಅನ್ನಿಸಬಹುದು, ಆದ್ರೆ ನಮ್ಮಂಥವರಿಗೇ ಸಂಬಂಧಪಟ್ಟಿದ್ದು. ಕಂಪನಿ ಒಂದು ದೇಶದಲ್ಲಿ, ಮಾಲೀಕ ಇನ್ನೊಂದು ದೇಶದಲ್ಲಿ. ಅಂಥ ಕಂಪನಿಯನ್ನು ಸರ್ಕಾರ ಏನು ಕೇಳುತ್ತೆ?

ನನಗೆ ಗೊತ್ತಿರಲಿಲ್ಲ. 2021ರಲ್ಲಿ ಇಲ್ಲಿಂದಲೇ ಅಮೆರಿಕದ ಡೆಲವೇರ್‌ನಲ್ಲಿ ಒಂದು ಎಲ್‌ಎಲ್‌ಸಿ ಮಾಡಿಸಿದೆ. ಆಪ್ ಮಾರುವ ಆಸೆ. ನೋಂದಣಿ ಖರ್ಚು ನನ್ನ ಕಾರ್ಡಿನಿಂದಲೇ ಹೋಯಿತು, ಡೆಲವೇರ್‌ಗೆ ವರ್ಷಕ್ಕೆ 300 ಡಾಲರ್ ಕಟ್ಟುತ್ತಾ ಬಂದೆ. ಗ್ರಾಹಕರು ಒಬ್ಬರೂ ಬರಲಿಲ್ಲ. ಆದಾಯ ಸೊನ್ನೆ, ಹಾಗಾಗಿ ತೆರಿಗೆ ಸೊನ್ನೆ, ಹಾಗಾಗಿ ಮಾಡಬೇಕಾದ ಕೆಲಸವೂ ಸೊನ್ನೆ ಅಂದ್ಕೊಂಡೆ. ಮೊದಲಿನ ಎರಡು ಸರಿ, ಮೂರನೆಯದು ತಪ್ಪು.

ಆ ತಪ್ಪಿನ ಹೆಸರು ಫಾರ್ಮ್ 5472. ಅದು ಹುಟ್ಟಿದ ಕಥೆ ನೋಡಿ.

1982ರಲ್ಲಿ ಅಮೆರಿಕದ ಸಂಸತ್ತು ತೆರಿಗೆ ಕಾನೂನಿಗೆ 6038ಎ ಅನ್ನೋ ಸೆಕ್ಷನ್ ಸೇರಿಸಿತು. ವಿದೇಶಿಯರ ಹಿಡಿತದಲ್ಲಿರುವ ಅಮೆರಿಕನ್ ಕಂಪನಿ, ತನ್ನ ಮಾಲೀಕರ ಜೊತೆ ನಡೆಸಿದ ವ್ಯವಹಾರ ಹೇಳಬೇಕು. ಹೇಳದಿದ್ದರೆ ದಂಡ 1,000 ಡಾಲರ್. ಆ ದಶಕದಲ್ಲಿ ಜಪಾನಿನ ಕಾರು, ಟಿವಿಗಳು ಅಮೆರಿಕದ ಮಾರುಕಟ್ಟೆ ತುಂಬಿಕೊಂಡವು. ಮಾರಾಟ ಜೋರು, ಆದ್ರೆ ಅಮೆರಿಕದ ಲೆಕ್ಕದಲ್ಲಿ ಲಾಭ ಕಡಿಮೆ. ಟಿವಿಯನ್ನು ಮಾತೃಸಂಸ್ಥೆಯೇ ದುಬಾರಿ ಬೆಲೆಗೆ ತನ್ನ ಅಮೆರಿಕನ್ ಕಂಪನಿಗೆ ಮಾರಿದರೆ ಲಾಭವೆಲ್ಲ ಊರಿಗೆ ವಾಪಸ್ ಹೋಗುತ್ತೆ ಅನ್ನೋದು ಅಲ್ಲಿಯವರ ಅನುಮಾನ. 1989ರಲ್ಲಿ ಕಾನೂನು ಬಿಗಿಯಾಯಿತು. ಒಬ್ಬ ವಿದೇಶಿಯ ಪಾಲು ಶೇ. 25 ಇದ್ದರೂ ಸಾಕು, ಫಾರ್ಮ್ ಕೊಡಬೇಕು, ದಾಖಲೆ ಇಟ್ಟುಕೊಳ್ಳಬೇಕು. ದಂಡ 10,000 ಡಾಲರ್‌ಗೆ ಏರಿತು.

ಆದರೂ ಒಂದು ಸಂದಿ ಉಳಿದಿತ್ತು: ಒಬ್ಬನೇ ಮಾಲೀಕನಿರುವ ಎಲ್‌ಎಲ್‌ಸಿ. ಅದು ಬೇರೆ ಆಯ್ಕೆ ಮಾಡಿಕೊಳ್ಳದಿದ್ದರೆ ತೆರಿಗೆಯ ಕಣ್ಣಿಗೆ ಕಾಣಲ್ಲ, ಮಾಲೀಕ ಮಾತ್ರ ಕಾಣ್ತಾನೆ. ಮಾಲೀಕ ವಿದೇಶದಲ್ಲಿದ್ದು ಅಲ್ಲಿ ಆದಾಯವೂ ಇಲ್ಲದಿದ್ದರೆ ಯಾರೂ ಕಾಣಲ್ಲ. 2016ರ ಏಪ್ರಿಲ್‌ನಲ್ಲಿ ಪನಾಮಾ ಪೇಪರ್ಸ್ ಹೊರಬಿದ್ದು, ಹೆಸರಿಗಷ್ಟೇ ಇರುವ ಕಂಪನಿಗಳ ಹಿಂದೆ ಯಾರಿದ್ದಾರೆ ಅಂತ ಜಗತ್ತೆಲ್ಲ ಕೇಳತೊಡಗಿತು. ಅದೇ ಡಿಸೆಂಬರ್‌ನಲ್ಲಿ ಹೊಸ ನಿಯಮ ಬಂತು: ಈ ಫಾರ್ಮಿನ ಮಟ್ಟಿಗೆ, ವಿದೇಶಿ ಒಡೆತನದ ಏಕಮಾಲೀಕ ಎಲ್‌ಎಲ್‌ಸಿಯೂ ಒಂದು ಕಾರ್ಪೊರೇಷನ್. 2017ರ ಕೊನೆಗೆ ಬಂದ ತೆರಿಗೆ ಕಾನೂನು ದಂಡವನ್ನು 25,000 ಡಾಲರ್ ಮಾಡಿತು. ನೋಟಿಸ್ ಬಂದು 90 ದಿನ ಕಳೆದರೂ ಕೊಡದಿದ್ದರೆ, ಪ್ರತಿ 30 ದಿನಕ್ಕೆ ಇನ್ನೊಂದು 25,000.

ನಾನು ಕಾರ್ಡಿನಿಂದ ಕಟ್ಟಿದ ನೋಂದಣಿ ಖರ್ಚು ನೆನಪಿದೆಯಲ್ಲ? ಮಾಲೀಕ ಕಂಪನಿಗೆ ಹಾಕಿದ ಹಣವೂ ‘ವ್ಯವಹಾರ’ವೇ. ಫಾರ್ಮ್ ಕೊಡೋಕೆ ಅಷ್ಟೇ ಸಾಕು.

ಅಮೆರಿಕದ್ದು ಅತಿಯಾಯಿತು ಅಂತ ನಾನು ಬೈಯುತ್ತಿದ್ದಾಗ, ಪಕ್ಕದ ಮನೆಯ ನಿವೃತ್ತ ಹಿರಿಯರು ನಕ್ಕರು. ಅವರು ಬೆಂಗಳೂರಿನ ಆಡುಗೋಡಿಯ ಮೈಕೋದಿಂದ ನಾಸಿಕದ ಸಾತಪುರ ಕಾರ್ಖಾನೆಗೆ ವರ್ಗವಾಗಿ ಬಂದವರು. 1951ರಲ್ಲಿ ಶುರುವಾದ ಮೈಕೋ ಭಾರತದ ಕಂಪನಿ, ಈಗ ಹೆಸರು ಬಾಷ್ ಲಿಮಿಟೆಡ್. ಬಹುಪಾಲು ಷೇರು ಜರ್ಮನಿಯ ಬಾಷ್ ಸಮೂಹದ್ದು. ‘ನೀನು ಅಲ್ಲಿ ಏನೋ, ನಾವು ಇಲ್ಲಿ ಅದೇ ಆಗಿದ್ವಿ’ ಅಂದರು.

ನಿಜ. ಆದರೆ ಭಾರತ ಮೊದಲು ಕೇಳಿದ್ದು ಬೇರೆ ಪ್ರಶ್ನೆ. 1974ರ ಜನವರಿಯಲ್ಲಿ ಜಾರಿಗೆ ಬಂದ ಫೆರಾ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ, ವಿದೇಶಿ ಪಾಲು ಶೇ. 40 ಮೀರಿದರೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು. ಅನೇಕ ಕಂಪನಿಗಳು ಪಾಲು ಇಳಿಸಿದವು. ಕೋಕಾ ಕೋಲಾ, ಐಬಿಎಂ ಒಪ್ಪದೆ ಹೊರಟೇ ಹೋದವು. ಆಗಿನ ಪ್ರಶ್ನೆ ‘ನೀನು ಎಷ್ಟರ ಮಾಲೀಕ?’

1991ರ ನಂತರ ಬಾಗಿಲು ತೆರೆಯಿತು, 2000ದ ಜೂನ್‌ನಲ್ಲಿ ಫೆರಾ ಹೋಗಿ ಫೆಮಾ ಬಂತು. ಬಾಗಿಲು ತೆರೆದ ಮೇಲೆ ಕಾವಲು ಬೇಕಲ್ವಾ? 2001ರ ಹಣಕಾಸು ಕಾಯ್ದೆ ವರ್ಗಾವಣೆ ಬೆಲೆಯ ನಿಯಮ ತಂದಿತು. ಹೊರದೇಶದ ಮಾತೃಸಂಸ್ಥೆಯ ಜೊತೆ ವ್ಯವಹಾರ ಇದ್ದರೆ, ಪ್ರತಿ ವರ್ಷ ಲೆಕ್ಕಪರಿಶೋಧಕರ ಸಹಿಯ 3ಸಿಇಬಿ ವರದಿ. 2011ರಿಂದ ರಿಸರ್ವ್ ಬ್ಯಾಂಕಿಗೆ ಜುಲೈ 15ರೊಳಗೆ ಇನ್ನೊಂದು ವಾರ್ಷಿಕ ಲೆಕ್ಕ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನಮ್ಮವರು ಕೆಲಸ ಮಾಡುವ ಎಷ್ಟೋ ಕಂಪನಿಗಳು ಖರ್ಚಿನ ಮೇಲೆ ಇಷ್ಟು ಶೇಕಡಾ ಅಂತ ಮಾತೃಸಂಸ್ಥೆಗೆ ಬಿಲ್ ಮಾಡುತ್ತವಲ್ಲ, ಆ ಶೇಕಡಾ ಸರಿಯೇ ಅನ್ನೋದು ಇದೇ ವರದಿಯ ವಿಷಯ. ನಾವು ಬೈದುಕೊಂಡು ತುಂಬುವ ಟೈಮ್‌ಶೀಟ್ ಕೂಡ ಆ ಲೆಕ್ಕಕ್ಕೆ ಒಂದು ಆಧಾರ ಆಗಬಹುದು.

ಹೀಗೆ ಎರಡೂ ದೇಶಗಳು ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ನಿಂತಿವೆ. ಮಾಲೀಕ ಹೊರಗಿನವನಾದರೂ ಪರವಾಗಿಲ್ಲ, ಆದರೆ ಅವನ ಮತ್ತು ಕಂಪನಿಯ ನಡುವೆ ಏನು ಓಡಾಡಿತು ಅಂತ ಹೇಳಬೇಕು. ಈ ಫಾರ್ಮು ತೆರಿಗೆಯ ಬಿಲ್ ಅಲ್ಲ. ಅದಕ್ಕೇ ಸೊನ್ನೆ ಆದಾಯ ನಮ್ಮನ್ನು ಕಾಯಲ್ಲ. ಇಲ್ಲಿ ತಪ್ಪು ಲಾಭ ಮಾಡಿದ್ದಲ್ಲ, ಸುಮ್ಮನಿದ್ದದ್ದು.

ಹೊರಗೆ ಕಂಪನಿ ಮಾಡಿರುವ ಗೆಳೆಯರಿಗೆ ಎರಡು ಮಾತು. ಕ್ಯಾಲೆಂಡರ್ ವರ್ಷದ ಎಲ್‌ಎಲ್‌ಸಿ ಆದರೆ ಏಪ್ರಿಲ್ 15 ಬರೆದಿಟ್ಟುಕೊಳ್ಳಿ. ಭಾರತದ ನಿವಾಸಿಗಳಾದರೆ, ಇಲ್ಲಿನ ರಿಟರ್ನ್‌ನ ವಿದೇಶಿ ಆಸ್ತಿ ಅನುಸೂಚಿಯಲ್ಲೂ ಅದನ್ನು ತೋರಿಸಬೇಕು.

ನಾನು ತಡವಾಗಿ, ಕಾರಣ ವಿವರಿಸುವ ಪತ್ರ ಲಗತ್ತಿಸಿ ಕಳಿಸಿದೀನಿ. ಸಕಾರಣ ಇದ್ದರೆ ದಂಡ ಬಿಡಲು ಕಾನೂನಿನಲ್ಲಿ ಅವಕಾಶ ಇದೆ, ‘ಗೊತ್ತಿರಲಿಲ್ಲ’ ಅನ್ನೋದು ಸಕಾರಣವೋ ಅಲ್ಲವೋ ಅವರು ಹೇಳಬೇಕು. 20 ಲಕ್ಷ ರೂಪಾಯಿಗೂ ಮೇಲಿನ ಮಾತು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಬ್ರಿಟಿಷರ ಕಾಲದಲ್ಲಿ ಸೇವೆ ಮುಗಿದ ಸೈನಿಕರನ್ನು ಹಡಗು ಬರುವ ತನಕ ಇದೇ ದೇವಳಾಲಿಯಲ್ಲಿ ಇರಿಸುತ್ತಿದ್ದರು. ಕಾದು ಕಾದು ತಲೆಕೆಟ್ಟವರಿಂದ ‘ಡೂಲಾಲಿ’ ಅನ್ನೋ ಪದ ಇಂಗ್ಲಿಷಿಗೆ ಸೇರಿತು, ತಲೆಕೆಟ್ಟವ ಅಂತ ಅರ್ಥ. ಅವರಿಗೆ ಹಡಗು, ನನಗೆ ಪತ್ರ. ಬಂದ ಮೇಲೆ ಏನಾಯಿತು ಅಂತ ಹೇಳ್ತೀನಿ.