ಬಂಧನದ ಕಾರಣ: ವಿಚಾರಣೆಯಿಲ್ಲದ ಸೆರೆಯ ಚರಿತ್ರೆಯಲ್ಲಿ ಒಂದು ಅಂಶ

ಅಪರಾಧ ನಡೆದ ಮೇಲೆ ವಿಚಾರಿಸಿ ಶಿಕ್ಷಿಸುವುದು ದಂಡನೀತಿ. ಅಪರಾಧ ನಡೆದೀತೆಂಬ ಶಂಕೆಯಿಂದ ಮೊದಲೇ ಸೆರೆಯಲ್ಲಿಡುವುದು ನಿವಾರಕ ನಿರೋಧ. ಭಾರತದಲ್ಲಿ ಈ ಎರಡನೆಯ ಪದ್ಧತಿಯ ಚರಿತ್ರೆ ದೀರ್ಘವಾದುದು. ಅದರ ಸಮಗ್ರ ನಿರೂಪಣೆ ಇಲ್ಲಿಯ ಉದ್ದೇಶವಲ್ಲ. ಬಂಧನದ ಕಾರಣವನ್ನು ಸರ್ಕಾರ ಯಾರಿಗೆ ತಿಳಿಸಬೇಕು, ಬಂದಿಗೋ, ನ್ಯಾಯಾಲಯಕ್ಕೋ, ಅಥವಾ ಯಾರಿಗೂ ತಿಳಿಸಬೇಕಾಗಿಲ್ಲವೋ, ಎಂಬ ಒಂದು ಪ್ರಶ್ನೆಯನ್ನು ಮಾತ್ರ ಎತ್ತಿಕೊಂಡಿದೆ. ಇಡೀ ವ್ಯವಸ್ಥೆಯ ಮರ್ಮ ಈ ಸಣ್ಣ ಪ್ರಶ್ನೆಯಲ್ಲಿಯೇ ಅಡಗಿರುವಂತೆ ತೋರುತ್ತದೆ.

1818ರ ಬಂಗಾಳದ 3ನೆಯ ರೆಗ್ಯುಲೇಷನ್ನಿನ ಉತ್ತರ ನಿಸ್ಸಂದಿಗ್ಧವಾಗಿತ್ತು. ರಾಜ್ಯದ ಹಿತದೃಷ್ಟಿಯಿಂದ ಅಗತ್ಯವೆಂದು ಕಂಡರೆ ಯಾರನ್ನಾದರೂ ಸೆರೆಯಲ್ಲಿಡಬಹುದಾಗಿತ್ತು. ಕಾರಣವನ್ನು ನ್ಯಾಯಾಲಯದ ಮುಂದಿಡುವ ಹೊಣೆ ಸರ್ಕಾರಕ್ಕೆ ಇರಲಿಲ್ಲ. ಬಂದಿಯ ನಡತೆ, ಆರೋಗ್ಯ, ಅನುಕೂಲಗಳನ್ನು ಕುರಿತು ವರ್ಷಕ್ಕೆ ಎರಡು ಬಾರಿ ವರದಿ ಕಳುಹಿಸಬೇಕೆಂದು ಅದೇ ಶಾಸನ ವಿಧಿಸಿದ್ದುದು ಕುತೂಹಲಕರ. ಸೆರೆಯಾಳಿನ ದೇಹಸ್ಥಿತಿಗೆ ಲೆಕ್ಕವಿತ್ತು, ಸೆರೆಯ ನ್ಯಾಯಕ್ಕೆ ಇರಲಿಲ್ಲ. 1907ರಲ್ಲಿ ಲಾಲಾ ಲಜಪತರಾಯರನ್ನೂ ಅಜಿತಸಿಂಗರನ್ನೂ ಮಾಂಡಲೆಗೆ ಸಾಗಿಸಿದುದು ಇದರ ಬಲದಿಂದಲೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತ ರಕ್ಷಣಾ ನಿಯಮಗಳ 26ನೆಯ ನಿಯಮವು ಕಾಯಿದೆಯ ಮೇರೆಯನ್ನು ಮೀರಿದೆಯೆಂದು 1943ರ ಏಪ್ರಿಲಿನಲ್ಲಿ ಫೆಡರಲ್ ಕೋರ್ಟು ತೀರ್ಪಿತ್ತಿತು. ಒಂದು ವಾರದೊಳಗೆ ಸುಗ್ರೀವಾಜ್ಞೆ ಹೊರಟು ನಿಯಮ ಮತ್ತೆ ಊರ್ಜಿತವಾಯಿತು.

ಸಂವಿಧಾನವನ್ನು ರಚಿಸಿದವರಲ್ಲಿ ಅನೇಕರು ಇಂಥ ಸೆರೆಯನ್ನು ಸ್ವತಃ ಕಂಡವರು. ಆದರೂ ಅವರು ಆ ಅಧಿಕಾರವನ್ನು ಕೈಬಿಡಲಿಲ್ಲ. ಮೂಲಭೂತ ಹಕ್ಕುಗಳ ಭಾಗದಲ್ಲಿಯೇ, 22ನೆಯ ಅನುಚ್ಛೇದದಲ್ಲಿ, ಅದಕ್ಕೆ ಎಡೆಕೊಟ್ಟರು. ಹೊಸದಾಗಿ ಸೇರಿದುದು ಇಷ್ಟು: ಕಾರಣಗಳನ್ನು ಬಂದಿಗೆ ಆದಷ್ಟು ಬೇಗ ತಿಳಿಸಬೇಕು, ಅವನ ಅಹವಾಲಿಗೆ ಅವಕಾಶ ಕೊಡಬೇಕು. ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ಕಂಡ ಸಂಗತಿಗಳನ್ನು ಮಾತ್ರ ಸರ್ಕಾರ ತಡೆಹಿಡಿಯಬಹುದು. ಆದರೆ 1950ರ ನಿವಾರಕ ನಿರೋಧ ಕಾಯಿದೆಯ 14ನೆಯ ಪ್ರಕರಣವು ಬಂದಿಗೆ ತಿಳಿಸಿದ ಕಾರಣವನ್ನು ನ್ಯಾಯಾಲಯದಲ್ಲಿ ಹೊರಗೆಡಹಕೂಡದೆಂದು ನಿಷೇಧಿಸಿತು. ಕಮ್ಯೂನಿಸ್ಟ್ ಮುಖಂಡ ಎ. ಕೆ. ಗೋಪಾಲನ್ ಅವರ ಮೊಕದ್ದಮೆಯಲ್ಲಿ, ಅದೇ ವರ್ಷದ ಮೇ 19ರಂದು, ಸರ್ವೋಚ್ಚ ನ್ಯಾಯಾಲಯ ಈ ಪ್ರಕರಣವನ್ನು ಅಸಿಂಧುಗೊಳಿಸಿತು. ಕಾಯಿದೆಯ ಉಳಿದ ಭಾಗ ನಿಂತಿತು, ಗೋಪಾಲನ್ನರಿಗೆ ಬಿಡುಗಡೆಯಾಗಲಿಲ್ಲ. ಈ ತೀರ್ಪನ್ನು ಸಾಮಾನ್ಯವಾಗಿ ಸ್ವಾತಂತ್ರ್ಯದ ಸೋಲೆಂದು ಬಗೆಯುವರು. 14ನೆಯ ಪ್ರಕರಣದ ಮಟ್ಟಿಗೆ ಆ ಮಾತು ಪೂರ್ಣ ನ್ಯಾಯವಾದುದಲ್ಲ.

ಇಪ್ಪತ್ತೈದು ವರ್ಷಗಳ ತರುವಾಯ ಆ ಪ್ರಕರಣ ಬೇರೆ ವೇಷದಲ್ಲಿ ಮರಳಿ ಬಂದಿತು. 1971ರ ಆಂತರಿಕ ಭದ್ರತಾ ನಿರ್ವಹಣಾ ಕಾಯಿದೆಗೆ ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರಲ್ಲಿ, 16-ಎ ಪ್ರಕರಣ ಸೇರಿತು. ಬಂದಿಗೆ ಕಾರಣ ತಿಳಿಸಬೇಕಾಗಿಲ್ಲ. ಅದು ರಾಜ್ಯರಹಸ್ಯವಾದುದರಿಂದ ನ್ಯಾಯಾಲಯಕ್ಕೂ ತಿಳಿಸಕೂಡದು.

ಇಲ್ಲಿ ಕರ್ನಾಟಕಕ್ಕೆ ಸಂಬಂಧವುಂಟು. ಸಂಸದೀಯ ಸಮಿತಿಯ ಕಾರ್ಯನಿಮಿತ್ತ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್. ಕೆ. ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರು 1975ರ ಜೂನ್ 26ರಂದು ಇಲ್ಲಿಯೇ ಬಂಧಿತರಾದರು. ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು ವಿಚಾರಣಾರ್ಹವೆಂದು ಕರ್ನಾಟಕದ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ದೇಶದ ಬೇರೆ ಹಲವು ಉಚ್ಚ ನ್ಯಾಯಾಲಯಗಳ ಅಭಿಪ್ರಾಯವೂ ಇದೇ ಆಗಿತ್ತು. ಇವೆಲ್ಲದರ ಮೇಲಿನ ಮೇಲ್ಮನವಿಗಳೇ ಜಬಲಪುರದ ಮೊಕದ್ದಮೆಯೆಂದು ಪ್ರಸಿದ್ಧವಾದುವು.

ವಾದದ ನಡುವೆ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಒಂದು ಪ್ರಶ್ನೆ ಕೇಳಿದರು. ಪೋಲೀಸ್ ಅಧಿಕಾರಿಯೊಬ್ಬನು ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೆ, ಆಗಲೂ ಪರಿಹಾರವಿಲ್ಲವೆ? ತುರ್ತುಪರಿಸ್ಥಿತಿ ಇರುವತನಕ ಇಲ್ಲವೆಂಬುದೇ ಉತ್ತರವಾಗಿತ್ತು. ಸರ್ಕಾರದ ವಾದವನ್ನು ಅದರ ತುದಿಯವರೆಗೆ ಒಯ್ದ ಆ ಉತ್ತರದ ಪ್ರಾಮಾಣಿಕತೆಯನ್ನಾದರೂ ಮೆಚ್ಚಬೇಕು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪಕ್ಷವನ್ನು ಎತ್ತಿಹಿಡಿದರು. ಖನ್ನಾ ಒಬ್ಬರೇ ಭಿನ್ನಮತವನ್ನು ಬರೆದರು. ಮರುವರ್ಷದ ಜನವರಿಯಲ್ಲಿ ಅವರನ್ನು ಬಿಟ್ಟು ಎಂ. ಎಚ್. ಬೇಗ್ ಅವರಿಗೆ ಮುಖ್ಯ ನ್ಯಾಯಮೂರ್ತಿಯ ಪದವಿ ಸಂದಿತು. 1976ರಲ್ಲಿ ವರ್ಗಾವಣೆಗೊಂಡ ಉಚ್ಚ ನ್ಯಾಯಾಲಯಗಳ ನ್ಯಾಯಮೂರ್ತಿಗಳಲ್ಲಿ ಕರ್ನಾಟಕದ ಡಿ. ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಇದ್ದರು.

ತೀರ್ಪು ಹೊರಬಿದ್ದ ಕೆಲವೇ ದಿನಗಳಲ್ಲಿ 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬಂಧಿತರಾಗಿ ಬೆಂಗಳೂರಿನ ಕೇಂದ್ರ ಕಾರಾಗೃಹವನ್ನು ಸೇರಿದರು. ಉಬ್ಬಸದಿಂದ ನರಳುತ್ತಿದ್ದ ಅವರನ್ನು 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಅವರ ಬಂಧನದ ಕಾರಣವನ್ನು ಪರೀಕ್ಷಿಸುವ ಬಾಗಿಲು ಆ ವೇಳೆಗೆ ಎಲ್ಲ ನ್ಯಾಯಾಲಯಗಳಲ್ಲಿಯೂ ಮುಚ್ಚಿತ್ತು.

1978ರ 44ನೆಯ ತಿದ್ದುಪಡಿಯಿಂದ, ಜೀವ ಮತ್ತು ಸ್ವಾತಂತ್ರ್ಯಗಳ 21ನೆಯ ಅನುಚ್ಛೇದದ ರಕ್ಷಣೆಯನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತುಗೊಳಿಸುವಂತಿಲ್ಲವೆಂದಾಯಿತು. ಜಬಲಪುರದ ತೀರ್ಪು ವಿಧ್ಯುಕ್ತವಾಗಿ ರದ್ದಾದುದು 2017ರ ಆಗಸ್ಟ್ 24ರಂದು, ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಅದನ್ನು ರದ್ದುಗೊಳಿಸಿ ಬರೆದ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರ ತಂದೆ ವೈ. ವಿ. ಚಂದ್ರಚೂಡರು 1976ರ ಆ ನಾಲ್ವರಲ್ಲಿ ಒಬ್ಬರು. 1980ರ ರಾಷ್ಟ್ರೀಯ ಭದ್ರತಾ ಕಾಯಿದೆಯಂತೆ ಈಗ ಬಂಧನದ ಕಾರಣವನ್ನು ಸಾಮಾನ್ಯವಾಗಿ 5 ದಿನಗಳೊಳಗೆ ತಿಳಿಸಬೇಕು. ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ಬಂಧಿಸಿಡಬಹುದಾದ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸಲು 44ನೆಯ ತಿದ್ದುಪಡಿಯ 3ನೆಯ ಪ್ರಕರಣ ಅವಕಾಶ ಮಾಡಿತ್ತು. ಅದನ್ನು ಜಾರಿಗೆ ತರುವ ಅಧಿಸೂಚನೆ ಇದುವರೆಗೂ ಹೊರಟಿಲ್ಲ.