ಬೇಡವಾದ ಬೆಳಕು ಕಣ್ಣಾದ ಕಥೆ

ಎಕ್ಸ್-ರೇ ಎಂದೊಡನೆ ನಮಗೆ ನೆನಪಾಗುವುದು ಆಸ್ಪತ್ರೆ, ಮುರಿದ ಮೂಳೆ, ಡಾಕ್ಟರರು ಬೆಳಕಿಗೆ ಹಿಡಿದು ನೋಡುವ ಕಪ್ಪು ಹಾಳೆ. ಅದು ಕಠಿಣ ಕ್ಷ-ಕಿರಣದ ಕೆಲಸ. ಮಾಂಸವನ್ನು ತೂರಿಹೋಗುವ ಬಲ ಅದಕ್ಕುಂಟು. ಅದೇ ವಂಶದಲ್ಲಿ ಬಡ ತಮ್ಮನೊಬ್ಬನಿದ್ದಾನೆ; ಅವನೇ ಮೃದು ಕ್ಷ-ಕಿರಣ. ಗಾಳಿಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲೇ ಇಂಗಿಹೋಗುವ ಈ ದುರ್ಬಲನಿಂದ ಮೂಳೆಯ ಚಿತ್ರ ತೆಗೆಯುವವರಿಗೆ ಉಪಯೋಗವಿರಲಿಲ್ಲ. ಅದೇ ಕಿರಣ ಇಂದು ಜೀವಕೋಶದ ಒಳಮನೆಯನ್ನು, ನೀರನ್ನು ಆರಿಸದೆ, ಬಣ್ಣ ಹಚ್ಚದೆ ತೋರಿಸುತ್ತಿದೆ. ಅದು ಹೇಗಾಯಿತೆಂಬುದನ್ನು ಅರಿಯುವುದು ಸ್ವಾರಸ್ಯಕರ.

1895ರಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗಿನಲ್ಲಿ ಕ್ಷ-ಕಿರಣವನ್ನು ಕಂಡುಹಿಡಿದ ರಂಟ್‌ಜನ್, ಅದನ್ನು ಮಸೂರದಿಂದ ಒಂದೆಡೆಗೆ ಕೂಡಿಸಲು ಯತ್ನಿಸಿದರು, ಸಾಧ್ಯವಾಗಲಿಲ್ಲ. ಮಸೂರವಿಲ್ಲದೆ ಸೂಕ್ಷ್ಮದರ್ಶಕವೆಲ್ಲಿ ಬಂತು? ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೊಮೀಟರಿಗಿಂತ ಕಿರಿದಾದ ವಿವರ ಬೇರೆಬೇರೆಯಾಗಿ ಕಾಣದು. (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲೇ ನ್ಯಾನೊಮೀಟರ್.) 1930ರ ದಶಕದಲ್ಲಿ ಬಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇನ್ನೂ ಕಿರಿದಾದುದನ್ನು ತೋರಿಸಿತು. ಆದರೆ ಅದಕ್ಕಾಗಿ ಜೀವಕೋಶವನ್ನು ಒಣಗಿಸಿ, ತೆಳ್ಳಗೆ ಹೆಚ್ಚಿ, ಲೋಹದ ಲವಣ ಹಚ್ಚಬೇಕಾಗುತ್ತಿತ್ತು. ಹಪ್ಪಳವನ್ನು ನೋಡಿ ಹಿಟ್ಟು ಹೇಗಿತ್ತೆಂದು ಊಹಿಸಿದ ಹಾಗೆ!

1952ರಲ್ಲಿ ಹಾನ್ಸ್ ವೋಲ್ಟರ್ ಎಂಬ ಜರ್ಮನ್ ವಿಜ್ಞಾನಿ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿದರು. ಸುಮಾರು 2.3ರಿಂದ 4.4 ನ್ಯಾನೊಮೀಟರ್ ತರಂಗಾಂತರದ ಮೃದು ಕಿರಣಕ್ಕೆ ನೀರು ಬಹುಮಟ್ಟಿಗೆ ಪಾರದರ್ಶಕ. ಇಂಗಾಲ ಮಾತ್ರ ಅದನ್ನು ಹಲವು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಜೀವಕೋಶವೆಂದರೆ ನೀರಿನಲ್ಲಿ ಅದ್ದಿದ ಇಂಗಾಲದ ಸಂಸಾರವೇ ತಾನೆ? ಹಾಗಾದರೆ ನೀರು ಮರೆಯಾಗಿ ಒಳಗಿನ ರಚನೆ ತಾನೇ ಎದ್ದು ಕಾಣಬೇಕು. ವಿಜ್ಞಾನಿಗಳು ಇದನ್ನು ನೀರಿನ ಕಿಟಕಿ ಎಂದು ಕರೆದರು. ದೌರ್ಬಲ್ಯವೆಂದು ಎಣಿಸಿದ್ದೇ ಇಲ್ಲಿ ಗುಣವಾಯಿತು.

ಕಿಟಕಿಯೇನೋ ಸಿಕ್ಕಿತು, ಇನ್ನು ಮಸೂರ ಬೇಕು, ದೀಪ ಬೇಕು. ಮಸೂರದ ದಾರಿ ತೋರಿದವರಲ್ಲಿ ಪ್ರಮುಖರು ಆಲ್ಬರ್ಟ್ ಬಯಾಜ್. ಗಾಯಕಿ ಜೋನ್ ಬಯಾಜ್ ಅವರ ತಂದೆ. ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳಂತೆ ಒಂದರ ಸುತ್ತ ಒಂದು ಬಳೆಗಳಿರುವ, ಹೊರಹೊರಗೆ ಹೋದಂತೆ ತೆಳುವಾಗುವ ತಟ್ಟೆಯೊಂದು ಬೆಳಕನ್ನು ಮಸೂರದಂತೆ ಕೂಡಿಸಬಲ್ಲುದೆಂದು ಹತ್ತೊಂಬತ್ತನೆಯ ಶತಮಾನದಿಂದಲೂ ತಿಳಿದಿತ್ತು. ಇಂಥ ತಟ್ಟೆ ಮೃದು ಕ್ಷ-ಕಿರಣಕ್ಕೂ ಒದಗುವುದೆಂದು ಬಯಾಜ್ 1961ರಲ್ಲಿ ಪ್ರತಿಪಾದಿಸಿದರು. ತೊಂದರೆಯೆಂದರೆ, ತಟ್ಟೆ ತನ್ನ ಮೇಲೆ ಬಿದ್ದ ಕಿರಣದ ಬಹುಪಾಲನ್ನು ಪೋಲುಮಾಡುತ್ತದೆ. ಆದ್ದರಿಂದ ದೀಪ ಬಹಳ ಪ್ರಖರವಾಗಿರಬೇಕು.

ಆ ದೀಪ ಆಗಲೇ ಹತ್ತಿತ್ತು, ಆದರೆ ಬೇರೆಯವರ ಮನೆಯಲ್ಲಿ. 1947ರ ಏಪ್ರಿಲ್ 24ರಂದು ಅಮೆರಿಕದ ಸ್ಕೆನೆಕ್ಟಡಿಯಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಶಾಲೆಯಲ್ಲಿ ಸಿಂಕ್ರೊಟ್ರಾನ್ ಯಂತ್ರ ನಡೆಯುತ್ತಿತ್ತು. ಎಲೆಕ್ಟ್ರಾನುಗಳನ್ನು ಉಂಗುರದಾಕಾರದ ಕೊಳವೆಯಲ್ಲಿ ಅತಿವೇಗದಿಂದ ಸುತ್ತಿಸುವ ಯಂತ್ರವದು. ಕಾಂಕ್ರೀಟ್ ಗೋಡೆಯ ಮರೆಯಿಂದ ಕನ್ನಡಿಯಲ್ಲಿ ಇಣುಕಿದ ಕೆಲಸಗಾರನೊಬ್ಬ ಕೊಳವೆಯಲ್ಲಿ ಬೆಳಕು ಕಂಡು, ಕಿಡಿ ಹಾರುತ್ತಿದೆಯೆಂದು ಬಗೆದು ಯಂತ್ರ ನಿಲ್ಲಿಸಲು ಸನ್ನೆ ಮಾಡಿದ. ಅದು ಕಿಡಿಯಾಗಿರಲಿಲ್ಲ, ತಿರುವಿನಲ್ಲಿ ಎಲೆಕ್ಟ್ರಾನುಗಳೇ ಚೆಲ್ಲುವ ಬೆಳಕಾಗಿತ್ತು. ಕಣಗಳ ವೇಗ ಹೆಚ್ಚಿಸಲು ಹೆಣಗುವವರಿಗೆ ಇದು ಸೋರಿಹೋಗುವ ಶಕ್ತಿ, ಬರಿಯ ನಷ್ಟ. ಆದರೆ ದೊಡ್ಡ ಯಂತ್ರಗಳಲ್ಲಿ ಈ ಸೋರಿಕೆಯಲ್ಲೇ ಪ್ರಖರವಾದ ಮೃದು ಕ್ಷ-ಕಿರಣವಿತ್ತು.

ಗ್ಯೋಟಿಂಗೆನ್ನಿನ ಗ್ಯುಂಟರ್ ಷ್ಮಾಲ್ ಮತ್ತು ಡೀಟ್‌ಬರ್ಟ್ ರುಡಾಲ್ಫ್ ಲೇಸರಿನ ನೆರವಿನಿಂದ ನವುರಾದ ತಟ್ಟೆಗಳನ್ನು ಮಾಡಿ ಹ್ಯಾಂಬುರ್ಗಿನ ಸಿಂಕ್ರೊಟ್ರಾನಿಗೆ ಒಯ್ದರು. ಅಲ್ಲಿ ಪಡೆದ ಚಿತ್ರಗಳ ವರದಿ 1976ರಲ್ಲಿ ಪ್ರಕಟವಾಯಿತು. ಯಂತ್ರ ಇದ್ದುದು ಕಣಭೌತ ವಿಜ್ಞಾನಿಗಳಿಗಾಗಿ. ಬೆಳಕು ಬೇಡಿ ಬಂದವರಿಗೆ ಮಂದಿ ಪರೋಪಜೀವಿಗಳು ಎಂದೇ ಹೆಸರಿಟ್ಟಿದ್ದರು. ಪರಸ್ಥಳದಲ್ಲಿ ಬಾಡಿಗೆ ಕೋಣೆಯಿಂದ ಸಂಸಾರ ಶುರುಮಾಡಿದ ನಮಗೆ ಈ ಪಾಡು ಅಪರಿಚಿತವಲ್ಲ. ಕಾಲಕ್ರಮದಲ್ಲಿ ಅವರಿಗೂ ಸ್ವಂತ ಮನೆಯಾಯಿತು. ಬೆಳಕಿಗಾಗಿಯೇ ಕಟ್ಟಿದ ಯಂತ್ರ ಬರ್ಲಿನ್ನಿನಲ್ಲಿ 1982ರಲ್ಲಿಯೂ ಅಮೆರಿಕದ ಬರ್ಕ್ಲಿಯಲ್ಲಿ 1993ರಲ್ಲಿಯೂ ಬೆಳಗಿತು. ಬರ್ಕ್ಲಿಯ ಸೂಕ್ಷ್ಮದರ್ಶಕ 2005ರ ವೇಳೆಗೆ 15 ನ್ಯಾನೊಮೀಟರಿಗಿಂತ ಕಿರಿದಾದ ವಿವರವನ್ನು ಬಿಡಿಸಿ ತೋರಿಸಿತು.

ಇಲ್ಲಿ ಕೆಲಸ ನಡೆಯುವ ಬಗೆ ಹೀಗೆ: ಉಂಗುರದ ಸುತ್ತ ಬೆಳಕನ್ನು ಹೊರತರುವ ಅನೇಕ ದಾರಿಗಳಿವೆ, ಒಂದೊಂದಕ್ಕೂ ಬೀಮ್‌ಲೈನ್ ಎಂದು ಹೆಸರು. ಮೃದು ಕಿರಣವನ್ನು ಗಾಳಿ ನುಂಗದಂತೆ ದಾರಿಯುದ್ದಕ್ಕೂ ನಿರ್ವಾತ. ಕಿರಣದ ಪೆಟ್ಟಿಗೆ ಜೀವಕೋಶ ಕೆಡುವುದರಿಂದ, ಕೂದಲಿನಂಥ ಗಾಜಿನ ನಳಿಕೆಯಲ್ಲಿಟ್ಟು ಥಟ್ಟನೆ ಹೆಪ್ಪುಗಟ್ಟಿಸುತ್ತಾರೆ. ಬಳಿಕ ನಳಿಕೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಸಾಲು ಚಿತ್ರ ತೆಗೆದು, ಗಣಕದಲ್ಲಿ ಕೂಡಿಸಿ, ಇಡೀ ಕೋಶವನ್ನು ಘನಾಕೃತಿಯಲ್ಲಿ ನೋಡುತ್ತಾರೆ. ಸಂಶೋಧಕರು ಮುಂಚಿತವಾಗಿ ಅರ್ಜಿ ಬರೆಯಬೇಕು. ತಜ್ಞರು ಒಪ್ಪಿದರೆ ಪಾಳಿ ದೊರೆಯುತ್ತದೆ. ಸಿಕ್ಕ ಪಾಳಿಯನ್ನು ಹಗಲುರಾತ್ರಿಯೆನ್ನದೆ ದುಡಿಸಿಕೊಳ್ಳುವುದೇ ಅಲ್ಲಿಯ ವಾಡಿಕೆ.

ಇಷ್ಟೆಲ್ಲ ಶ್ರಮದ ಫಲವೇನೆಂದು ಕೇಳುವವರಿಗೆ ಒಂದು ಉದಾಹರಣೆ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸಾಮಾನ್ಯ ಸೂಕ್ಷ್ಮದರ್ಶಕದಿಂದ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡರು. ಸರಿಯಾಗಿ ನೂರು ವರ್ಷಗಳ ನಂತರ, 1997ರಲ್ಲಿ, ಕೆಂಪು ರಕ್ತಕಣದೊಳಗೆ ಅಡಗಿದ ಅದೇ ಜೀವಿಯ ಒಳರಚನೆಯನ್ನು ಮೃದು ಕ್ಷ-ಕಿರಣದಿಂದ ಚಿತ್ರಿಸಿದ ಬರ್ಕ್ಲಿಯ ಸಂಶೋಧನೆ ಪ್ರಕಟವಾಯಿತು. ಶತ್ರುವನ್ನು ಅವನು ಅಡಗಿದ ಮನೆಯಲ್ಲೇ ನೋಡಿದಂತಾಯಿತು.

ಸಿಂಕ್ರೊಟ್ರಾನ್ ಬೆಳಕಿಗೆ ನಮ್ಮ ದೇಶದಲ್ಲೂ ಮನೆಯುಂಟು. ಇಂದೋರಿನಲ್ಲಿ ಇಂಡಸ್-1 ಎಂಬ ಯಂತ್ರ 1999ರಲ್ಲಿ ಬೆಳಗಿತು. ಸುಮಾರು 172 ಮೀಟರ್ ಸುತ್ತಳತೆಯ ಇಂಡಸ್-2 2005ರಲ್ಲಿ ಅದನ್ನು ಹಿಂಬಾಲಿಸಿತು. ಆ ಕೇಂದ್ರಕ್ಕೆ ಇಟ್ಟಿರುವುದು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರ ಹೆಸರನ್ನು.

ಗಾಳಿಯನ್ನೂ ದಾಟಲಾರದ ಕಿರಣ, ಯಂತ್ರದಿಂದ ಸೋರಿಹೋಗುತ್ತಿದ್ದ ಬೆಳಕು — ಎರಡೂ ಒಬ್ಬರಿಗೆ ಬೇಡವಾದವು. ಬೇಕಾದವರ ಕೈಗೆ ಬಂದಾಗ ಅವೇ ಕಣ್ಣಾದವು. ಕಸದಿಂದ ರಸ ಎಂದು ನಮ್ಮ ಹಿರಿಯರು ಅಂದದ್ದು ಸುಮ್ಮನೆ ಅಲ್ಲ. ವೋಲ್ಟರ್ ಅವರ ಮಾತಿಗೂ ಹ್ಯಾಂಬುರ್ಗಿನ ಚಿತ್ರಗಳಿಗೂ ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಕಳೆದಿದ್ದವು. ರಸ ಇಳಿಯಲು ಅಷ್ಟು ತಾಳ್ಮೆಯೂ ಬೇಕು.